ನಾರ್ಫೋಕ್ ಕರಾವಳಿಯಲ್ಲಿ ಹಕ್ಕಿ ನೋಡಲು ಯಾವ ತಿಂಗಳು, ಯಾವ ಜಾಗ?

ಇಂಗ್ಲೆಂಡಿನಲ್ಲಿರುವ ನಮ್ಮವರು "ಹಕ್ಕಿ ನೋಡೋಕೆ ಎಲ್ಲಿಗೆ ಹೋಗೋದು?" ಅಂತ ಕೇಳುವುದು ಹೆಚ್ಚಾಗಿ ಜುಲೈ ಕೊನೆಗೆ. ಮಕ್ಕಳಿಗೆ ಸ್ಕೂಲ್ ರಜೆ ಶುರುವಾಗಿರುತ್ತದೆ, ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಬಿಸಿಲೂ ಇರುತ್ತದೆ. ನನ್ನ ಉತ್ತರ ಅವರಿಗೆ ಅಷ್ಟಾಗಿ ಹಿಡಿಸುವುದಿಲ್ಲ: ವರ್ಷಕ್ಕೆ ಒಂದೇ ಸಲ ಹೋಗಲು ಆಗುವುದಾದರೆ ಚಳಿಗಾಲದಲ್ಲಿ ಹೋಗಿ. ಅದಾಗದಿದ್ದರೆ ಮೇ ತಿಂಗಳಲ್ಲಿ. ಆಗಸ್ಟ್ ಮಧ್ಯಾಹ್ನವನ್ನು ಮಾತ್ರ ಆರಿಸಿಕೊಳ್ಳಬೇಡಿ. ಆಗ ತೋಟ, ಬೇಲಿ, ಕಾಡಿನ ಹಕ್ಕಿಗಳೆಲ್ಲ ಹಾಡು ನಿಲ್ಲಿಸಿ, ಹಳೇ ಗರಿ ಉದುರಿಸಿ, ಹೊಸ ಗರಿ ಬರುವವರೆಗೆ ಪೊದೆಯೊಳಗೆ ಸುಮ್ಮನೆ ಕೂತಿರುತ್ತವೆ. ಸ್ವಿಫ್ಟ್‌ಗಳು ಆಗಲೇ ಆಫ್ರಿಕಾ ದಾರಿ ಹಿಡಿದಿರುತ್ತವೆ. ಎಲೆ ದಟ್ಟವಾಗಿರುವುದರಿಂದ ಇದ್ದದ್ದೂ ಕಾಣುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡಿನ ಪೂರ್ವಕ್ಕಿರುವ ನಾರ್ಫೋಕ್ ಜಿಲ್ಲೆಯ ಉತ್ತರ ಕರಾವಳಿಯ ಬಗ್ಗೆ. ಸ್ನೆಟ್ಟಿಶಮ್‌ನಿಂದ ಕ್ಲೈ ಹಳ್ಳಿಯವರೆಗೆ 50 ಚಿಲ್ಲರೆ ಕಿಲೋಮೀಟರ್. ಬಹುಪಾಲು ಎ149 ರಸ್ತೆಯಲ್ಲೇ ಹೋಗಬಹುದು. ರಸ್ತೆಯ ಒಂದು ಕಡೆ ಸಮುದ್ರ, ಕೆಸರು ಬಯಲು, ಉಪ್ಪುನೀರಿನ ಜೌಗು, ಜೊಂಡು. ಇನ್ನೊಂದು ಕಡೆ ಗೋಧಿ, ಶುಗರ್ ಬೀಟ್ ಹೊಲ, ಮುಳ್ಳುಬೇಲಿ, ಚರ್ಚಿರುವ ಸಣ್ಣ ಹಳ್ಳಿಗಳು. ಇಷ್ಟು ಹತ್ತಿರದಲ್ಲಿ ಇಷ್ಟು ತರದ ನೆಲ ಇರುವುದರಿಂದಲೇ ಇಲ್ಲಿ ವರ್ಷಪೂರ್ತಿ ಏನಾದರೂ ನಡೆಯುತ್ತಲೇ ಇರುತ್ತದೆ. ಆದರೆ ಎಲ್ಲ ಜಾಗವೂ ಎಲ್ಲ ತಿಂಗಳೂ ಚೆನ್ನಾಗಿರುವುದಿಲ್ಲ. ಯಾವ ತಿಂಗಳು ಅಂತ ಮೊದಲು ನಿರ್ಧರಿಸಿ, ಜಾಗ ಆಮೇಲೆ.

ಚಳಿಗಾಲವೋ ಬೇಸಿಗೆಯೋ

ನಮ್ಮ ಊರಲ್ಲೂ ಹಕ್ಕಿ ನೋಡುವವರಿಗೆ ಚಳಿಗಾಲವೇ ಸುಗ್ಗಿ. ಗದಗದ ಹತ್ತಿರದ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಬರುವುದು ಆಗಲೇ. ಇಂಗ್ಲೆಂಡಿನಲ್ಲೂ ಕತೆ ಅದೇ, ಕಾರಣವೂ ಅದೇ. ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್, ಸೈಬೀರಿಯಾದಲ್ಲಿ ನೆಲವೆಲ್ಲ ಹೆಪ್ಪುಗಟ್ಟಿದಾಗ ಅಲ್ಲಿಯ ಹಕ್ಕಿಗಳಿಗೆ ನಾರ್ಫೋಕ್ ಬೆಚ್ಚಗಿನ ಊರು. ನಮಗೆ ಮೂಗು ಕಿತ್ತುಹೋಗುವಷ್ಟು ಚಳಿ ಅನಿಸುವ ಆ ಗಾಳಿ ಅವಕ್ಕೆ ಲೆಕ್ಕಕ್ಕಿಲ್ಲ. ಕೆಸರು ಹೆಪ್ಪುಗಟ್ಟದೆ ಮೆತ್ತಗಿದ್ದರೆ ಸಾಕು, ಅದರೊಳಗೆ ಹುಳವೂ ಸಣ್ಣ ಚಿಪ್ಪಿನ ಜೀವಿಗಳೂ ಸಿಗುತ್ತವೆ.

ಬೇಸಿಗೆಯಲ್ಲಿ ಜಾತಿಗಳು ಬೇಕಾದಷ್ಟಿವೆ, ಹಾಡಿದೆ, ಮರಿಗಳಿವೆ. ಆದರೆ ಒಂದೊಂದು ಜೋಡಿಯೂ ತನ್ನ ಜಾಗ ಹಿಡಿದು ಚದುರಿಹೋಗಿರುತ್ತದೆ. ಚಳಿಗಾಲದಲ್ಲಿ ಸಾವಿರಗಟ್ಟಲೆ ಹಕ್ಕಿ ಒಂದೇ ಕಡೆ ಸೇರುತ್ತವೆ. ಹೊಸದಾಗಿ ನೋಡಲು ಶುರು ಮಾಡಿದವರಿಗೆ ಈ ಗುಂಪೇ ಬೇಕು. ಹೆಸರು ಗೊತ್ತಿಲ್ಲದಿದ್ದರೂ ಮೈ ಜುಮ್ ಅನ್ನುತ್ತದೆ. ಇನ್ನೊಂದು ಅನುಕೂಲ ಯಾರೂ ಹೇಳುವುದಿಲ್ಲ: ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದೇ ಬೆಳಿಗ್ಗೆ ಎಂಟರ ಹೊತ್ತಿಗೆ. ಮುಳುಗುವುದು ನಾಲ್ಕಕ್ಕೆ ಮುಂಚೆ. ಅಂದರೆ ಬೆಳಗಿನ ಜಾವದ ಹಾರಾಟವನ್ನೂ ಸಂಜೆ ಗೂಡಿಗೆ ಮರಳುವುದನ್ನೂ ಒಂದೇ ದಿನ, ನಿದ್ದೆಗೆಡದೆ ನೋಡಬಹುದು. ಜೂನ್‌ನಲ್ಲಿ ಬೆಳಗಿನ ಹಾಡು ಕೇಳಬೇಕೆಂದರೆ ನಾಲ್ಕು ಗಂಟೆಗೆ ಮೊದಲೇ ಹೊಲದ ಅಂಚಿನಲ್ಲಿ ನಿಂತಿರಬೇಕು.

ಸ್ನೆಟ್ಟಿಶಮ್: ಅಮಾವಾಸ್ಯೆ ನೋಡಿಕೊಂಡು ಹೋಗಿ

ಒಂದೇ ಜಾಗ ಹೇಳಿ ಅಂದರೆ ನಾನು ಸ್ನೆಟ್ಟಿಶಮ್ ಹೇಳುತ್ತೇನೆ. ಇದು ನಾರ್ಫೋಕ್ ಮತ್ತು ಲಿಂಕನ್‌ಶೈರ್ ನಡುವಿನ ದೊಡ್ಡ ಕೊಲ್ಲಿಯ ದಡದಲ್ಲಿದೆ. ಆ ಕೊಲ್ಲಿಗೆ ಇಲ್ಲಿ 'ದ ವಾಶ್' ಅಂತಾರೆ. ನೀರು ಇಳಿದಾಗ ಕಣ್ಣು ಹಾಯಿಸಿದಷ್ಟು ದೂರ ಕೆಸರು. ಆ ಕೆಸರಿನ ಮೇಲೆ ನಾಟ್ ಎಂಬ ಹಿಡಿಗಾತ್ರದ ಹಕ್ಕಿಗಳು ಹತ್ತಾರು ಸಾವಿರ ಸಂಖ್ಯೆಯಲ್ಲಿ ಮೇಯುತ್ತಿರುತ್ತವೆ. ಗ್ರೀನ್‌ಲ್ಯಾಂಡ್ ಮತ್ತು ಕೆನಡಾದ ತೀರ ಉತ್ತರದಿಂದ ಬಂದವು. ಸಣ್ಣ ಚಿಪ್ಪುಗಳನ್ನು ಹಾಗೇ ನುಂಗಿ ಹೊಟ್ಟೆಯೊಳಗೇ ಪುಡಿ ಮಾಡುತ್ತವೆ.

ನೀರು ಏರಲು ಶುರುವಾದರೆ ಹಕ್ಕಿಗಳು ಹಿಂದೆ ಹಿಂದೆ ಸರಿಯುತ್ತವೆ. ಉಬ್ಬರ ಸಾಮಾನ್ಯದ್ದಾದರೆ ಅಂಚಿನಲ್ಲಿ ಒಂದಷ್ಟು ಕೆಸರು ಉಳಿಯುತ್ತದೆ, ಅಲ್ಲೇ ನಿಲ್ಲುತ್ತವೆ, ಕತೆ ಮುಗಿಯಿತು. ಉಬ್ಬರ ದೊಡ್ಡದಾದರೆ ನಿಲ್ಲಲು ಜಾಗವೇ ಇಲ್ಲದೆ ಇಡೀ ಹಿಂಡು ಒಟ್ಟಿಗೆ ಮೇಲೇಳುತ್ತದೆ. ಆಕಾಶದಲ್ಲಿ ಹಿಂಡು ಹೊರಳಿದಾಗ, ಎರಡು ಬಣ್ಣದ ನೂಲಿನ ರೇಷ್ಮೆ ಸೀರೆಯನ್ನು ಬೆಳಕಿಗೆ ತಿರುಗಿಸಿದ ಹಾಗೆ, ಒಮ್ಮೆ ಬೂದು ಒಮ್ಮೆ ಬೆಳ್ಳಿ. ಆಮೇಲೆ ತಲೆಯ ಮೇಲೇ ಹಾದು ಹಿಂದಿರುವ ಹೊಂಡಗಳ ಕಡೆ ಇಳಿಯುತ್ತವೆ. ಹಿಂದೆ ಅಲ್ಲಿ ಗುಂಡುಕಲ್ಲು ತೆಗೆಯುತ್ತಿದ್ದರು, ಈಗ ನೀರು ತುಂಬಿ ನಡುವೆ ಸಣ್ಣ ದಿಬ್ಬಗಳಿವೆ. ದಿಬ್ಬದ ಮೇಲೆ ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ, ಕೆಳಗಿನ ಕಲ್ಲು ಕಾಣುವುದಿಲ್ಲ.

ಈ ದೊಡ್ಡ ಉಬ್ಬರ ಬರುವುದು ಅಮಾವಾಸ್ಯೆ, ಹುಣ್ಣಿಮೆ ಆದ ಒಂದೆರಡು ದಿನಕ್ಕೆ. ಮಾರ್ಚ್ ಮತ್ತು ಸೆಪ್ಟೆಂಬರ್ ಹೊತ್ತಿಗೆ ಇನ್ನೂ ದೊಡ್ಡದು. ಅಂದರೆ ನಿಮ್ಮ ಅಡುಗೆಮನೆಯ ಗೋಡೆಗೆ ನೇತುಹಾಕಿದ ಕನ್ನಡ ಕ್ಯಾಲೆಂಡರ್ ಇಲ್ಲಿ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಮಹಾಲಯ ಅಮಾವಾಸ್ಯೆ ಮತ್ತು ಯುಗಾದಿಯ ಆಸುಪಾಸಿನ ದಿನಗಳನ್ನು ಗುರುತು ಹಾಕಿಕೊಳ್ಳಿ. ಗಂಟೆ ನಿಮಿಷವನ್ನು ಮಾತ್ರ ಉಬ್ಬರದ ಪಟ್ಟಿಯಲ್ಲೇ ನೋಡಬೇಕು. ಯಾವ ದಿನ ಚೆನ್ನಾಗಿರುತ್ತದೆ ಅನ್ನುವುದನ್ನು ಈ ಜಾಗ ನೋಡಿಕೊಳ್ಳುವ, ಹಕ್ಕಿ ಸಂರಕ್ಷಣೆಯ ಆರ್‌ಎಸ್‌ಪಿಬಿ ಸಂಸ್ಥೆಯೇ ಮೊದಲೇ ಪ್ರಕಟಿಸುತ್ತದೆ. ನೀರು ತುಂಬುವ ಹೊತ್ತಿಗಿಂತ ಎರಡು ಗಂಟೆ ಮುಂಚೆ ಕಾರ್ ಪಾರ್ಕ್ ತಲುಪಿ, ಯಾಕೆಂದರೆ ಅಲ್ಲಿಂದ ದಡಕ್ಕೆ ಸುಮಾರು 2 ಕಿಲೋಮೀಟರ್ ನಡೆಯಬೇಕು.

ಹೆಬ್ಬಾತುಗಳ ಲೆಕ್ಕ ಇದಕ್ಕೆ ಸ್ವಲ್ಪ ಉಲ್ಟಾ. ಗುಲಾಬಿ ಕಾಲಿನ ಪಿಂಕ್‌ಫುಟ್ ಹೆಬ್ಬಾತುಗಳು ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ಕಡೆಯಿಂದ ಬಂದು ರಾತ್ರಿ ಈ ಕೆಸರಿನ ಮೇಲೆ ಮಲಗುತ್ತವೆ. ಬೆಳಕು ಹರಿಯುವಾಗ ಸಾಲುಸಾಲಾಗಿ, ಕೂಗುತ್ತಾ, ಒಳನಾಡಿನ ಬೀಟ್ ಹೊಲಗಳಿಗೆ ಹಾರುತ್ತವೆ. ಗೆಡ್ಡೆ ಕಿತ್ತ ಮೇಲೆ ಹೊಲದಲ್ಲಿ ಉಳಿದ ಸೊಪ್ಪು, ಚೂರು ಅವುಗಳ ಊಟ. ಹುಣ್ಣಿಮೆ ಹತ್ತಿರವಿದ್ದರೆ ಬೆಳದಿಂಗಳಲ್ಲೇ ಮೇಯುತ್ತವೆ, ಬೆಳಿಗ್ಗೆ ದೊಡ್ಡ ಹಾರಾಟ ಸಿಗುವ ಖಾತ್ರಿ ಇರುವುದಿಲ್ಲ. ಹಾಗಾಗಿ ಬರೀ ಹೆಬ್ಬಾತು ಬೇಕಾದರೆ ಹುಣ್ಣಿಮೆಯ ಆಚೀಚೆಯ ದಿನಗಳನ್ನು ಬಿಟ್ಟುಬಿಡಿ. ಎರಡೂ ಬೇಕಾದರೆ? ನವೆಂಬರ್‌ನಿಂದ ಜನವರಿ ಕೊನೆಯೊಳಗಿನ ಅಮಾವಾಸ್ಯೆ. ಉತ್ತರ ಕರ್ನಾಟಕದವರು ಹೊಲದಲ್ಲಿ ಚರಗ ಚೆಲ್ಲುವ ಎಳ್ಳಮಾವಾಸ್ಯೆ ಇದೆಯಲ್ವಾ, ಅದು ಸರಿಯಾಗಿ ಇದೇ ಹೊತ್ತಿಗೆ ಬರುತ್ತದೆ. ಆ ದಿನಗಳಲ್ಲಿ ಉಬ್ಬರ ಬೆಳಕು ಹರಿದ ಮೇಲೆ ಇದೆಯಾ ಅಂತ ನೋಡಿಕೊಳ್ಳಿ. ಇದ್ದರೆ ಮೊದಲು ಹೆಬ್ಬಾತು, ಆಮೇಲೆ ನಾಟ್, ಒಂದೇ ಬೆಳಿಗ್ಗೆ.

ಬೆಳಿಗ್ಗೆ ಯಾಕೆ ಅಂತೀರಾ? ಸ್ನೆಟ್ಟಿಶಮ್ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನ ಹಿಂದೆ, ಹಕ್ಕಿಗಳ ಮೇಲೆ ಪೂರ್ತಿ ಬೆಳಕು. ಸಂಜೆಯ ಉಬ್ಬರದಲ್ಲಿ ಬಣ್ಣದ ಆಕಾಶ ಸಿಗುತ್ತದೆ, ಆದರೆ ಹಕ್ಕಿಗಳೆಲ್ಲ ಕಪ್ಪು ಆಕಾರ ಅಷ್ಟೆ. ಫೋಟೋ ಹುಚ್ಚಿನವರು ಸಂಜೆ ಹೋಗಲಿ, ಹಕ್ಕಿ ನೋಡುವವರು ಬೆಳಿಗ್ಗೆ ಹೋಗಲಿ ಅನ್ನುವುದು ನನ್ನ ಮಾತು.

ಸ್ನೆಟ್ಟಿಶಮ್‌ನ ಕಷ್ಟವನ್ನೂ ಹೇಳಬೇಕು. ಗಾಳಿಗೆ ಅಡ್ಡ ಏನೂ ಇಲ್ಲ. ಮಂಡಿ ನೋವಿರುವ ಹಿರಿಯರಿಗೆ, ಪುಟ್ಟ ಮಕ್ಕಳಿಗೆ ಆ ಕತ್ತಲ ನಡಿಗೆ ಬೇಡ. ಟಾಯ್ಲೆಟ್ ಕೆಲಸ ಎಲ್ಲ ಮುಗಿಸಿಕೊಂಡೇ ಹೊರಡಿ.

ಟಿಚ್‌ವೆಲ್ ಅಥವಾ ಕ್ಲೈ

ಮನೆಮಂದಿಯ ಜೊತೆ ಹೋಗುವುದಾದರೆ ನಿಜವಾದ ಆಯ್ಕೆ ಇರುವುದು ಇದೇ ಕರಾವಳಿಯ ಈ ಎರಡು ಜಾಗಗಳ ನಡುವೆ. ಎರಡರಲ್ಲೂ ಕೆಫೆ ಇದೆ, ಟಾಯ್ಲೆಟ್ ಇದೆ, ಹಕ್ಕಿಗಳಿಗೆ ಕಾಣದ ಹಾಗೆ ಕೂತು ನೋಡಲು ಹೈಡ್ ಎಂಬ ಮರದ ಕೋಣೆಗಳಿವೆ.

ಟಿಚ್‌ವೆಲ್‌ನಲ್ಲಿ ಮುಖ್ಯ ದಾರಿ ಒಂದೇ, ನೇರ, ಸಮತಟ್ಟು. ಮರಗಳ ನಡುವೆ ಶುರುವಾಗಿ, ಜೊಂಡು, ಸಿಹಿನೀರಿನ ಜೌಗು, ಉಪ್ಪುನೀರಿನ ಜೌಗು ದಾಟಿ ಸಮುದ್ರದಂಡೆಗೆ ಮುಗಿಯುತ್ತದೆ. ಸುಮಾರು ಒಂದು ಕಿಲೋಮೀಟರ್ ಹೆಚ್ಚುಕಡಿಮೆ. ಗಾಲಿಕುರ್ಚಿ, ಮಕ್ಕಳ ಗಾಡಿ ತಳ್ಳಿಕೊಂಡು ಹೈಡ್‌ಗಳವರೆಗೆ ಹೋಗಬಹುದು. ಇಷ್ಟು ಕಡಿಮೆ ನಡಿಗೆಗೆ ಇಷ್ಟು ಜಾತಿ ಇನ್ನೆಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಕೊಕ್ಕು ಮೇಲಕ್ಕೆ ಬಾಗಿರುವ ಕಪ್ಪುಬಿಳುಪಿನ ಅವೊಸೆಟ್ ಬೇಸಿಗೆಯಲ್ಲಿ ಕಣ್ಣೆದುರಿಗೇ ಮರಿ ಮಾಡುತ್ತದೆ. ಬ್ರಿಟನ್ನಿನಲ್ಲಿ ಮರಿ ಮಾಡುವುದನ್ನೇ ಬಿಟ್ಟಿದ್ದ ಹಕ್ಕಿ ಇದು. ಎರಡನೇ ಮಹಾಯುದ್ಧದಲ್ಲಿ ಶತ್ರು ಇಳಿಯದಿರಲಿ ಅಂತ ಪಕ್ಕದ ಸಫೋಕ್ ತೀರದ ಬಯಲುಗಳಿಗೆ ನೀರು ಬಿಟ್ಟರು, ಆ ಜೌಗಿಗೆ ಇವು ತಾವಾಗಿ ಬಂದವು, 1947ರಲ್ಲಿ ಮತ್ತೆ ಗೂಡು ಕಟ್ಟಿದವು. ಈಗ ಆರ್‌ಎಸ್‌ಪಿಬಿಯ ಲಾಂಛನವೇ ಅದು.

ಜೊಂಡಿನ ಮೇಲೆ ರೆಕ್ಕೆ ಮೇಲೆತ್ತಿ ತೇಲುವ ಮಾರ್ಷ್ ಹ್ಯಾರಿಯರ್ ಅಂತೂ ಎಲ್ಲ ತಿಂಗಳೂ ಇಲ್ಲಿದೆ. ನಮ್ಮ ಕೆರೆಗಳ ಮೇಲೂ ಚಳಿಗಾಲದಲ್ಲಿ ಸುತ್ತುವ ಗಿಡುಗ ಇದೇ ಜಾತಿ, ಆದರೆ ಅಲ್ಲಿಗೆ ಬರುವವು ಏಷ್ಯಾದ ಉತ್ತರ ಭಾಗದವು. 1971ರಲ್ಲಿ ಇಡೀ ಬ್ರಿಟನ್ನಿನಲ್ಲಿ ಮರಿ ಮಾಡುತ್ತಿದ್ದದ್ದು ಒಂದೇ ಒಂದು ಜೋಡಿ. ಡಿಡಿಟಿಯಂಥ ಕೀಟನಾಶಕ ಮೊಟ್ಟೆಯ ಚಿಪ್ಪನ್ನೇ ತೆಳುವಾಗಿಸಿತ್ತು. ಅದನ್ನು ನಿಲ್ಲಿಸಿ, ಜೊಂಡು ಉಳಿಸಿದ ಮೇಲೆ ಈಗ ನೂರಾರು ಜೋಡಿಗಳಿವೆ. ಇದನ್ನು ತಿಳಿದುಕೊಂಡು ನೋಡಿದರೆ, ಅಷ್ಟು ಸಲೀಸಾಗಿ ಕಾಣುವ ಹಕ್ಕಿಯ ಬೆಲೆ ಗೊತ್ತಾಗುತ್ತದೆ.

ಕ್ಲೈ ಹಳೆಯದು. 1926ರಲ್ಲಿ ಈ ಜೌಗನ್ನು ಕೊಂಡುಕೊಂಡಾಗಲೇ ನಾರ್ಫೋಕ್ ವೈಲ್ಡ್‌ಲೈಫ್ ಟ್ರಸ್ಟ್ ಹುಟ್ಟಿದ್ದು, ಬ್ರಿಟನ್ನಿನಲ್ಲಿ ಜಿಲ್ಲೆಗೊಂದು ಇಂಥ ಟ್ರಸ್ಟ್ ಅನ್ನುವ ಪದ್ಧತಿಗೆ ಅದೇ ಮೊದಲು. ಇಲ್ಲಿಯ ದೊಡ್ಡ ಅನುಕೂಲ ರಸ್ತೆಯ ಆಚೆ ಎತ್ತರದಲ್ಲಿರುವ ಸಂದರ್ಶಕರ ಕೇಂದ್ರ. ಗಾಜಿನ ಕಿಟಕಿಯ ಪಕ್ಕ ಬೆಚ್ಚಗೆ ಕೂತು, ಕಾಫಿ ಕುಡಿಯುತ್ತಾ ಇಡೀ ಜೌಗನ್ನು ನೋಡಬಹುದು. ನಡೆಯಲು ಆಗದ ಅಜ್ಜಿ ತಾತನಿಗೆ ಜನವರಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಸೈಬೀರಿಯಾದ ಬ್ರೆಂಟ್ ಹೆಬ್ಬಾತು, ಸಿಳ್ಳೆ ಹಾಕುವ ವಿಜನ್ ಬಾತು, ಉದ್ದ ಬಾಲದ ಪಿನ್‌ಟೇಲ್, ಎಲ್ಲ ಅಲ್ಲಿಂದಲೇ ಕಾಣುತ್ತವೆ. ಆದರೆ ಕಡಲತೀರದ ಗುಂಡುಕಲ್ಲಿನ ದಿಬ್ಬದ ಮೇಲೆ ನಡೆಯುವುದು ಕಾಲಿಗೆ ಭಾರಿ ಆಯಾಸ. ಅದನ್ನು ಬಿಟ್ಟರೂ ನಷ್ಟವಿಲ್ಲ.

ಹಾಗಾದರೆ ಯಾವುದು? ಏಪ್ರಿಲ್‌ನಿಂದ ಸೆಪ್ಟೆಂಬರ್ ಆದರೆ ಟಿಚ್‌ವೆಲ್. ನವೆಂಬರ್‌ನಿಂದ ಫೆಬ್ರವರಿ, ಹಿರಿಯರ ಜೊತೆ ಆದರೆ ಕ್ಲೈ. ಅಕ್ಟೋಬರ್‌ನಲ್ಲೂ ಕ್ಲೈ ಕಡೆಗೇ ನನ್ನ ಮತ. ಆಗ ವಲಸೆ ಹೊರಟ ಹಕ್ಕಿಗಳು ದಾರಿ ತಪ್ಪಿ ಇಲ್ಲಿ ಇಳಿಯುತ್ತವೆ, ಉತ್ತರದ ಗಾಳಿ ಬೀಸಿದರೆ ಸಮುದ್ರದ ಹಕ್ಕಿಗಳು ದಡದ ಹತ್ತಿರಕ್ಕೇ ಬರುತ್ತವೆ. 2008ರ ಜನವರಿಯಲ್ಲಿ ಅಮೆರಿಕದ ಬಿಳಿನೆತ್ತಿಯ ಗುಬ್ಬಿಯೊಂದು ಈ ಹಳ್ಳಿಯ ತೋಟಕ್ಕೆ ಬಂದಿತ್ತು. ನೋಡಲು ಬಂದ ಜನ ಹುಂಡಿಗೆ ಹಾಕಿದ ಹಣ ಊರಿನ ಚರ್ಚಿನ ದುರಸ್ತಿಗೆ ಹೋಯಿತು, ಆ ಚರ್ಚಿನ ಬಣ್ಣದ ಗಾಜಿನ ಕಿಟಕಿಯಲ್ಲಿ ಇವತ್ತಿಗೂ ಆ ಹಕ್ಕಿಯ ಪುಟ್ಟ ಚಿತ್ರವಿದೆ. ಹೋದಾಗ ಹುಡುಕಿ ನೋಡಿ.

ಟಿಚ್‌ವೆಲ್‌ಗೆ ಮಧ್ಯಾಹ್ನದ ಮೇಲೆ ಹೋಗಿ. ಸಿಹಿನೀರಿನ ಜೌಗು ದಾರಿಯ ಪೂರ್ವಕ್ಕಿದೆ, ಬೆಳಿಗ್ಗೆ ಸೂರ್ಯ ಕಣ್ಣಿಗೇ ಹೊಡೆಯುತ್ತದೆ. ಗಟ್ಟಿಮುಟ್ಟಾದವರು ಬೆಳಿಗ್ಗೆ ಸ್ನೆಟ್ಟಿಶಮ್, ಮಧ್ಯಾಹ್ನ ಟಿಚ್‌ವೆಲ್ ಅಂತ ಒಂದೇ ದಿನಕ್ಕೆ ಜೋಡಿಸಿಕೊಳ್ಳಬಹುದು. ಇಲ್ಲಿಯ ಹಕ್ಕಿಪ್ರೇಮಿಗಳು ಬಹಳ ಜನ ಹಾಗೇ ಮಾಡುವುದು.

ಅಪ್ಪ ಅಮ್ಮ ಬೇಸಿಗೆಯಲ್ಲೇ ಬಂದಿದ್ದಾರೆ ಅಂದರೆ

ಆಗ ಮೇ, ಜೂನ್ ಅಥವಾ ಜುಲೈ ಮೊದಲ ವಾರಗಳಲ್ಲಿ, ಟಿಚ್‌ವೆಲ್ ಮತ್ತು ಕ್ಲೈ ನಡುವೆ ಸಿಗುವ ಹೋಲ್ಕಮ್‌ಗೆ ಕರೆದುಕೊಂಡು ಹೋಗಿ. ಮೈಸೂರು, ಮಂಡ್ಯ ಕಡೆಯವರಾದರಂತೂ ಖಂಡಿತ. ರಂಗನತಿಟ್ಟಿನಲ್ಲಿ ಗೂಡು ಕಟ್ಟುವ ಚಮಚ ಕೊಕ್ಕಿನ ಬಿಳಿ ಹಕ್ಕಿ ಇದೆಯಲ್ಲ, ಅದೇ ಜಾತಿ ಇಲ್ಲಿ 2010ರಲ್ಲಿ ಮತ್ತೆ ಗುಂಪಾಗಿ ಗೂಡು ಕಟ್ಟಲು ಶುರು ಮಾಡಿತು. ಬ್ರಿಟನ್ನಿನಲ್ಲಿ 300 ವರ್ಷಕ್ಕೂ ಹೆಚ್ಚು ಕಾಲ ಅವುಗಳ ಗೂಡಿನ ಗುಂಪೇ ಇರಲಿಲ್ಲ. ಕಾವೇರಿಯ ದೋಣಿಯಲ್ಲಿ ಕೂತು ನೋಡಿದ ಹಕ್ಕಿಯನ್ನು ಪೈನ್ ಮರಗಳ ಪಕ್ಕದ ಇಂಗ್ಲಿಷ್ ಹುಲ್ಲುಗಾವಲಿನ ಮೇಲೆ ಹಾರುವುದು ನೋಡಿದರೆ ಅವರಿಗೆ ಆಗುವ ಖುಷಿಯೇ ಬೇರೆ. ಬೆಳ್ಳಕ್ಕಿಗಳೂ ಜೊತೆಗಿರುತ್ತವೆ. ರಂಗನತಿಟ್ಟಿನಷ್ಟು ಹತ್ತಿರದಿಂದ ಕಾಣುವುದಿಲ್ಲ ಅನ್ನುವುದನ್ನು ಮಾತ್ರ ಮೊದಲೇ ಹೇಳಿಬಿಡಿ.

ಮೇ ತಿಂಗಳಿಗೆ ಇನ್ನೊಂದು ಕಾರಣವಿದೆ, ಅದು ಕಿವಿಗೆ ಸಂಬಂಧಿಸಿದ್ದು. ಹೊಲದ ಮೇಲೆ ಸ್ಕೈಲಾರ್ಕ್ ನೆಟ್ಟಗೆ ಮೇಲೇರುತ್ತಾ ಉಸಿರು ಬಿಡದೆ ಹಾಡುತ್ತದೆ, ಹಳ್ಳಿಯ ಚಾವಣಿಗಳ ಮೇಲೆ ಬ್ಲ್ಯಾಕ್‌ಬರ್ಡ್, ಸೂರಿನಡಿ ಮಾರ್ಟಿನ್‌ಗಳ ಮಣ್ಣಿನ ಗೂಡು, ಬೀದಿಯ ಮೇಲೆ ಕಿರುಚುತ್ತಾ ಓಡುವ ಸ್ವಿಫ್ಟ್. ಜೊಂಡಿನೊಳಗಿಂದ ಬಿಟರ್ನ್ ಹಕ್ಕಿಯ ಗುಂ ಅನ್ನುವ ತಗ್ಗು ಸದ್ದು ಕಿಲೋಮೀಟರ್‌ಗಟ್ಟಲೆ ದೂರ ಕೇಳುತ್ತದೆ. 1997ರಲ್ಲಿ ಬ್ರಿಟನ್ನಿನಲ್ಲಿ ಹೀಗೆ ಕೂಗುವ ಗಂಡುಗಳು ಬರೀ 11 ಉಳಿದಿದ್ದವು. ಈಗ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ.

ಆಗಸ್ಟ್ ಬಿಟ್ಟರೆ ಬೇರೆ ದಾರಿಯೇ ಇಲ್ಲ ಅನ್ನುವವರಿಗೆ: ಕಾಡು, ತೋಟ, ಬೇಲಿ ಎಲ್ಲ ಮರೆತುಬಿಡಿ, ನೀರಿನ ಕಡೆ ಹೋಗಿ. ಉತ್ತರದಲ್ಲಿ ಮರಿ ಮಾಡಿ ಮುಗಿಸಿದ ಗೊರವ ಜಾತಿಯ ಹಕ್ಕಿಗಳು ಆಗಲೇ ಮರಳುತ್ತಿರುತ್ತವೆ. ಕೆಲವಕ್ಕೆ ಇನ್ನೂ ಬೇಸಿಗೆಯ ಇಟ್ಟಿಗೆ ಕೆಂಪು ಬಣ್ಣ ಇರುತ್ತದೆ, ಚಳಿಗಾಲದಲ್ಲಿ ಅದು ಕಾಣಸಿಗುವುದಿಲ್ಲ. ಟಿಚ್‌ವೆಲ್‌ನಲ್ಲಿ ಕಪ್ಪು ಬಾಲದ ಗಾಡ್‌ವಿಟ್ ಹಿಂಡು ನೋಡಬಹುದು, ಸ್ನೆಟ್ಟಿಶಮ್‌ನ ದೊಡ್ಡ ಉಬ್ಬರವೂ ಅಷ್ಟೊತ್ತಿಗೆ ಶುರುವಾಗಿರುತ್ತದೆ.

ದುಡ್ಡು ಖರ್ಚಿಲ್ಲದ ಆಯ್ಕೆ

ಬರೀ ಹಳ್ಳಿಯ ದಾರಿ. ಇದನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಊರಿಂದ ಊರಿಗೆ ಹೊಲದ ನಡುವೆ ಹೋಗುವ ಸಾರ್ವಜನಿಕ ಕಾಲುದಾರಿಗಳಲ್ಲಿ ಯಾರು ಬೇಕಾದರೂ ನಡೆಯಬಹುದು. ಅಕ್ಟೋಬರ್‌ನಿಂದ ಸ್ಕ್ಯಾಂಡಿನೇವಿಯಾದ ರೆಡ್‌ವಿಂಗ್, ಫೀಲ್ಡ್‌ಫೇರ್ ಬಂದು ಬೇಲಿಯ ಕೆಂಪು ಹಾಥಾರ್ನ್ ಹಣ್ಣುಗಳನ್ನು ಮುಗಿಸುತ್ತವೆ. ರಾಬಿನ್ ನಡು ಚಳಿಯಲ್ಲೂ ಹಾಡುತ್ತದೆ, ಹೆಣ್ಣೂ ಹಾಡುತ್ತದೆ. ಸಂಜೆ ನಾಲ್ಕರ ಹೊತ್ತಿಗೆ ಹುಲ್ಲಿನ ಅಂಚಿನ ಮೇಲೆ ಬಿಳಿ ಗೂಬೆ ಸದ್ದಿಲ್ಲದೆ ಇಲಿ ಹುಡುಕುತ್ತಾ ಹೋಗುವುದನ್ನು ನೋಡಲು ನಾರ್ಫೋಕ್‌ನಷ್ಟು ಒಳ್ಳೆಯ ಜಾಗ ಇಂಗ್ಲೆಂಡಿನಲ್ಲಿ ಕಡಿಮೆ. ಬೀಟ್ ಹೊಲದಲ್ಲಿ ಹೆಬ್ಬಾತು ಮೇಯುತ್ತಿದ್ದರೆ ಕಾರಿನಿಂದ ಇಳಿಯಬೇಡಿ, ಒಳಗಿಂದಲೇ ನೋಡಿ. ಒಬ್ಬರು ಇಳಿದು ಬಾಗಿಲು ಹಾಕಿದ ಸದ್ದಿಗೆ ಇಡೀ ಹಿಂಡು ಎದ್ದು ಹೋಗುತ್ತದೆ. ಆಮೇಲೆ ಅವು ಇಳಿಯುವುದು ಪಕ್ಕದ ರೈತನ ಗೋಧಿ ಪೈರಿನ ಮೇಲೆ.

ನಾರಿಚ್ ಕಡೆ ಉಳಿದುಕೊಳ್ಳುವವರು ಕರಾವಳಿಯ ಬದಲು ಹಿಕ್ಲಿಂಗ್ ಬ್ರಾಡ್ ಎಂಬ ಸರೋವರದ ಪಕ್ಕದ ಸ್ಟಬ್ ಮಿಲ್‌ಗೆ ಚಳಿಗಾಲದ ಸಂಜೆ ಹೋಗಬಹುದು. ರಾತ್ರಿ ತಂಗಲು ಬರುವ ಮಾರ್ಷ್ ಹ್ಯಾರಿಯರ್‌ಗಳು, ಅದೃಷ್ಟವಿದ್ದರೆ ಕ್ರೇನ್‌ಗಳು. ಸುಮಾರು 400 ವರ್ಷ ಬ್ರಿಟನ್ನಿನಲ್ಲಿ ಇಲ್ಲದೆ ಹೋಗಿದ್ದ ಆ ದೊಡ್ಡ ಹಕ್ಕಿ 1979ರಲ್ಲಿ ಮರಳಿ ಬಂದದ್ದು ಈ ಭಾಗಕ್ಕೇ. ಬ್ರಿಸ್ಟಲ್, ಬಾತ್ ಕಡೆಯವರು ಮಾತ್ರ ಇಷ್ಟು ದೂರ ಬರುವುದು ಬೇಡ. ನಿಮಗೆ ಸೊಮರ್ಸೆಟ್‌ನ ಹ್ಯಾಮ್ ವಾಲ್ ಇದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಸಂಜೆ ಸ್ಟಾರ್ಲಿಂಗ್ ಹಿಂಡು ಸೇರುತ್ತದೆ, ಪೀಟ್ ಎಂಬ ಜೌಗುಮಣ್ಣು ತೆಗೆದ ಹಳೇ ಗುಂಡಿಗಳ ಜೊಂಡಿನಲ್ಲಿ ಬಿಟರ್ನ್ ಕೂಡ ಇದೆ.

ಹೊರಡುವ ಮುಂಚೆ

ಲಂಡನ್‌ನ ಕಿಂಗ್ಸ್ ಕ್ರಾಸ್‌ನಿಂದ ಕಿಂಗ್ಸ್ ಲಿನ್‌ಗೆ ರೈಲು ಸುಮಾರು ಎರಡು ಗಂಟೆ, ಅಲ್ಲಿಂದ ಕರಾವಳಿಗುಂಟ ಬಸ್ಸಿದೆ. ಟಿಚ್‌ವೆಲ್‌ಗೆ ಬಸ್ಸಲ್ಲಿ ಆರಾಮಾಗಿ ಹೋಗಬಹುದು. ಬೆಳಗಿನ ಜಾವದ ಸ್ನೆಟ್ಟಿಶಮ್‌ಗೆ ಕಾರು ಬೇಕು, ಇಲ್ಲವೇ ಹನ್‌ಸ್ಟಾಂಟನ್‌ನಲ್ಲಿ ಹಿಂದಿನ ರಾತ್ರಿ ಉಳಿದು ಟ್ಯಾಕ್ಸಿ ಹೇಳಿಡಬೇಕು. ಆರ್‌ಎಸ್‌ಪಿಬಿ ಸದಸ್ಯತ್ವ ತೆಗೆದುಕೊಂಡರೆ ಟಿಚ್‌ವೆಲ್‌ನಲ್ಲಿ ಪಾರ್ಕಿಂಗ್ ಉಳಿಯುತ್ತದೆ, ಆದರೆ ಅದೇ ಕಾರ್ಡ್ ಕ್ಲೈಗೂ ಹೋಲ್ಕಮ್‌ಗೂ ನಡೆಯುವುದಿಲ್ಲ. ಟಿಚ್‌ವೆಲ್ ಆರ್‌ಎಸ್‌ಪಿಬಿಯದು, ಕ್ಲೈ ನಾರ್ಫೋಕ್ ಟ್ರಸ್ಟಿನದು, ಹೋಲ್ಕಮ್ ಅಲ್ಲಿಯ ಎಸ್ಟೇಟಿನದು. ವರ್ಷಕ್ಕೆ ಒಂದೆರಡು ಸಲ ಹೋಗುವವರು ಆ ದಿನದ ಶುಲ್ಕ ಕೊಟ್ಟುಬಿಡುವುದೇ ಲೇಸು.

ದುರ್ಬೀನು 8x42 (ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು) ಸಾಕು. ಇನ್ನೂ ಜಾಸ್ತಿ ದೊಡ್ಡದಾಗಿ ತೋರಿಸುವುದು ಗಾಳಿಗೆ ಕೈ ನಡುಗಿದಾಗ ಏನೂ ಪ್ರಯೋಜನವಿಲ್ಲ. ಮಕ್ಕಳಿಗೆ ಹಗುರವಾದ 8x32 ಕೊಡಿ. ಟೆಲಿಸ್ಕೋಪ್ ಕೊಳ್ಳುವ ಆತುರ ಬೇಡ. ಹೈಡ್‌ನಲ್ಲಿ ಪಕ್ಕದಲ್ಲಿ ಕೂತವರನ್ನು ಏನು ಕಾಣುತ್ತಿದೆ ಅಂತ ಮೆಲ್ಲಗೆ ಕೇಳಿ, ತಮ್ಮದರಲ್ಲೇ ತೋರಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ಹೈಡ್‌ನ ಒಳಗೆ ಫೋನ್ ಮಾತು, ಜೋರು ನಗು ಬೇಡ. ಚಿತ್ರಾನ್ನದ ಡಬ್ಬಿಯನ್ನು ಕೆಫೆಯ ಹೊರಗಿನ ಬೆಂಚಿನಲ್ಲಿ ತೆಗೆಯಿರಿ.

ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಕಡಲತೀರದಲ್ಲಿ ಹಗ್ಗ ಕಟ್ಟಿದ ಜಾಗ ಕಂಡರೆ ದಾಟಬೇಡಿ, ಮಕ್ಕಳನ್ನೂ ಬಿಡಬೇಡಿ. ಪುಟ್ಟ ರೀವ (ಟರ್ನ್) ಮತ್ತು ಪ್ಲೋವರ್ ಹಕ್ಕಿಗಳು ಬರೀ ಕಲ್ಲಿನ ಮೇಲೆ ಮೊಟ್ಟೆ ಇಡುತ್ತವೆ, ಮೊಟ್ಟೆಯೂ ಕಲ್ಲಿನ ಬಣ್ಣದ್ದೇ. ಕಾಲಿಟ್ಟ ಮೇಲೇ ಗೊತ್ತಾಗುವುದು. ಸತ್ತ ಹಕ್ಕಿ ಕಂಡರೆ ಮುಟ್ಟಬೇಡಿ, ಹಕ್ಕಿಜ್ವರ ಇರಬಹುದು. ಅಲ್ಲಿಯ ಸಿಬ್ಬಂದಿಗೆ ಜಾಗ ತೋರಿಸಿದರೆ ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ.